ಗಣಿ ಅವರ ನೆಲದಲ್ಲೇ ಇದೆ, ಮತ್ತೆ ತರಬೇತಿ ಏಕೆ?

ಪ್ರಶ್ನೆ: ಪಶ್ಚಿಮ ಆಸ್ಟ್ರೇಲಿಯಾದ ಪಿಲ್ಬಾರಾದಲ್ಲಿ ಕಬ್ಬಿಣದ ಅದಿರಿನ ಗಣಿಗಳು ಮೂಲನಿವಾಸಿಗಳ ನೆಲದಲ್ಲೇ ಇವೆ. ಆದರೂ ಅವರ ಮಕ್ಕಳು ಗಣಿ ಕೆಲಸಕ್ಕೆ ಸೇರಲು ವಿಶೇಷ ತರಬೇತಿ ಬೇಕೆನ್ನುತ್ತಾರೆ. ಅವರಿಗೆ ಆ ಕೆಲಸ ಬರುವುದಿಲ್ಲವೇ?

ಉತ್ತರ: ಬರುವುದಿಲ್ಲ ಎಂಬ ಮಾತು ತಪ್ಪು. 1946ರ ಮೇ ತಿಂಗಳಲ್ಲಿ ಪಿಲ್ಬಾರಾದ ಕುರಿ ಸಾಕಣೆಯ ಎಸ್ಟೇಟುಗಳಲ್ಲಿ ದುಡಿಯುತ್ತಿದ್ದ ನೂರಾರು ಮೂಲನಿವಾಸಿಗಳು ನ್ಯಾಯವಾದ ಕೂಲಿ ಕೇಳಿ ಹೊರನಡೆದರು. ಮುಷ್ಕರ ಮೂರು ವರ್ಷ ನಡೆಯಿತು. ಆ ದಿನಗಳಲ್ಲಿ ಅವರ ಹೊಟ್ಟೆ ಹೊರೆದ ದುಡಿಮೆಗಳಲ್ಲಿ ಗಣಿಗಾರಿಕೆಯೂ ಒಂದು. ತವರದ ಅದಿರನ್ನು ಯಾಂಡಿ ಎಂಬ ಉದ್ದನೆಯ ತಟ್ಟೆಯಲ್ಲಿ ಕೇರಿ, ಮಣ್ಣಿನಿಂದ ಬೇರ್ಪಡಿಸಿ ಮಾರಿದರು. ನಮ್ಮಲ್ಲಿ ಮೊರದಲ್ಲಿ ಅಕ್ಕಿ ಕೇರುವ ಹಾಗೆ ಅಲ್ಲಿ ಹುಲ್ಲಿನ ಬೀಜ ಕೇರಲು ತಲೆಮಾರುಗಳಿಂದ ಬಳಸುತ್ತಿದ್ದ ತಟ್ಟೆ ಅದು. ಆ ಕೈಚಳಕವನ್ನು ಯಾವ ತರಬೇತಿ ಕೇಂದ್ರವೂ ಕಲಿಸಿರಲಿಲ್ಲ.

1960ರ ದಶಕದಲ್ಲಿ ದೊಡ್ಡ ಗಣಿಗಳು ತೆರೆದಾಗ ಕಂಪನಿಗಳು ಹೊರಗಿನಿಂದ ಕೆಲಸಗಾರರನ್ನು ಕರೆತಂದವು. ನೆಲದವರು ಗೇಟಿನ ಹೊರಗೆ ಉಳಿದರು.

ಇಂದು ಅವರನ್ನು ತಡೆಯುವುದು ಹೆಚ್ಚಾಗಿ ಕಾಗದಪತ್ರ. ಗಣಿ ಕೆಲಸಕ್ಕೆ ವಾಹನ ಚಾಲನಾ ಪರವಾನಗಿ ಬೇಕು. ಪರವಾನಗಿಗೆ ಗುರುತಿನ ದಾಖಲೆ ಬೇಕು, ಆದರೆ ದೂರದ ಹಳ್ಳಿಗಳಲ್ಲಿ ಹುಟ್ಟಿದ ಎಷ್ಟೋ ಜನರ ಬಳಿ ಜನನ ಪ್ರಮಾಣಪತ್ರವೇ ಇರುವುದಿಲ್ಲ. ಕಲಿಯುವ ಯುವಕರು ಪರವಾನಗಿ ಇರುವವರನ್ನು ಪಕ್ಕದಲ್ಲಿ ಕೂರಿಸಿಕೊಂಡು 50 ಗಂಟೆ ಓಡಿಸಿ ದಾಖಲಿಸಬೇಕು. ಊರಿನಲ್ಲಿ ಪರವಾನಗಿ ಇರುವವರೇ ವಿರಳವಾದರೆ ಪಕ್ಕದಲ್ಲಿ ಕೂರುವವರು ಯಾರು? ಆದ್ದರಿಂದ ಒಳ್ಳೆಯ ತರಬೇತಿ ಯಂತ್ರದ ಮುಂದೆ ಶುರುವಾಗುವುದಿಲ್ಲ, ಅರ್ಜಿ ತುಂಬುವ ಮೇಜಿನ ಮುಂದೆ ಶುರುವಾಗುತ್ತದೆ. ವೈದ್ಯಕೀಯ ತಪಾಸಣೆ, ಮದ್ಯ ಮತ್ತು ಮಾದಕವಸ್ತು ಪರೀಕ್ಷೆ, ಸುರಕ್ಷತಾ ಸೂಚನೆಗಳನ್ನು ಓದುವಷ್ಟು ಇಂಗ್ಲಿಷ್, ಹನ್ನೆರಡು ಗಂಟೆಗಳ ಪಾಳಿಗೆ ಮೈ ಒಗ್ಗಿಸಿಕೊಳ್ಳುವುದು ಆಮೇಲಿನ ಮಾತು.

ಇನ್ನೊಂದು ವಿಷಯ ನನಗೆ ಇದಕ್ಕಿಂತಲೂ ಮುಖ್ಯ. ಕೊನೆಯಲ್ಲಿ ಕೆಲಸವಿಲ್ಲದ ತರಬೇತಿಗಳನ್ನು ಒಂದರ ಮೇಲೊಂದು ಮುಗಿಸಿ, ಪ್ರಮಾಣಪತ್ರ ಹಿಡಿದು ಮನೆಗೆ ಮರಳಿದವರಿಗೆ ಮತ್ತೊಂದು ತರಗತಿಗೆ ಬರುವಂತೆ ಹೇಳುವುದು ಕ್ರೌರ್ಯ. ಕಬ್ಬಿಣದ ಅದಿರು ತೆಗೆಯುವ ಫೋರ್ಟೆಸ್ಕ್ಯೂ ಕಂಪನಿ 2006ರಲ್ಲಿ ಪಿಲ್ಬಾರಾದ ಪೋರ್ಟ್ ಹೆಡ್‌ಲ್ಯಾಂಡಿನಲ್ಲಿ ತೆರೆದ ಕೇಂದ್ರ ಕ್ರಮವನ್ನೇ ತಿರುಗಿಸಿತು: ತರಬೇತಿ ಮುಗಿಸಿದವರಿಗೆ ಕೆಲಸ ಖಾತ್ರಿ. ಇದೇ ಕಂಪನಿ ಅಲ್ಲಿನ ಮೂಲನಿವಾಸಿಗಳಾದ ಯಿಂಡ್ಜಿಬಾರ್ಂಡಿ ಜನರ ನೆಲದ ಗಣಿಯ ವಿಚಾರದಲ್ಲಿ ಅವರೊಂದಿಗೆ ವರ್ಷಗಟ್ಟಲೆ ನ್ಯಾಯಾಲಯದಲ್ಲಿ ಸೆಣಸಿದೆ ಎಂಬುದನ್ನೂ ಮರೆಯಬಾರದು.

ಕಂಪನಿಗಳೂ ಕಲಿಯಬೇಕಾದದ್ದು ಬಹಳ ಇದೆ. ಪಶ್ಚಿಮ ಆಸ್ಟ್ರೇಲಿಯಾದ್ದೇ ಇನ್ನೊಂದು ಪ್ರದೇಶವಾದ ಕಿಂಬರ್ಲಿಯಲ್ಲಿ 2020ರವರೆಗೆ ನಡೆದ ಆರ್ಗೈಲ್ ವಜ್ರದ ಗಣಿ, ಬರವಣಿಗೆಯ ಪರೀಕ್ಷೆಯನ್ನೇ ನೆಚ್ಚಿಕೊಳ್ಳದೆ ಅಭ್ಯರ್ಥಿಗಳನ್ನು ಕಾರ್ಯಾಗಾರಕ್ಕೆ ಕರೆದು, ಕೆಲಸ ಮಾಡಿಸಿ ನೋಡಿ ಆರಿಸಿಕೊಳ್ಳುತ್ತಿತ್ತು. ಬಂಧುವೊಬ್ಬರು ತೀರಿಕೊಂಡಾಗ ಇಡೀ ಕುಟುಂಬ ದಿನಗಟ್ಟಲೆ ಸೇರುವ ಸಂಪ್ರದಾಯ ಮೂಲನಿವಾಸಿಗಳದು. ಅದಕ್ಕೆ ರಜೆ ಕೊಡದ ಮೇಲ್ವಿಚಾರಕ ಒಳ್ಳೆಯ ಕೆಲಸಗಾರನನ್ನೇ ಕಳೆದುಕೊಳ್ಳುತ್ತಾನೆ.

ಯಾವ ಕೆಲಸಕ್ಕೆ ತರಬೇತಿ ಎಂಬುದನ್ನೂ ಕೇಳಲೇಬೇಕು. ಪಿಲ್ಬಾರಾದ ಹಲವು ಗಣಿಗಳಲ್ಲಿ ಈಗ ಚಾಲಕರಿಲ್ಲದ ಟ್ರಕ್‌ಗಳು ಓಡುತ್ತಿವೆ. ರಿಯೊ ಟಿಂಟೊ ಕಂಪನಿ ತನ್ನ ಟ್ರಕ್‌ಗಳ ಮೇಲೆ ಸುಮಾರು 1,500 ಕಿಲೋಮೀಟರ್ ದೂರದ ಪರ್ತ್‌ನಿಂದಲೇ ಕಣ್ಣಿಟ್ಟಿರುತ್ತದೆ. ಟ್ರಕ್ ಓಡಿಸುವುದನ್ನಷ್ಟೇ ಕಲಿತ ಹುಡುಗಿಗಿಂತ ಅದೇ ಟ್ರಕ್ಕಿನ ವಿದ್ಯುತ್ ದುರಸ್ತಿ ಕಲಿತವಳಿಗೆ ಅಲ್ಲಿ ಹೆಚ್ಚು ಕಾಲ ಕೆಲಸವಿರುತ್ತದೆ.