ನುಂಗಲಾಗದ ಕಡ್ಡಿ

ಮೊನ್ನೆ ನಮ್ಮ ಹಟ್ಟಿಯ ಮಾಡು ಬದಲಿಸಿದೆವು. ಬೋಲ್ಟು ತುಕ್ಕು ಹಿಡಿದು ಬಿಚ್ಚಲಾಗದೆ ಕೆಲಸದವರು ಹಳೆ ಆಸ್ಬೆಸ್ಟಾಸ್ ಶೀಟನ್ನೇ ಮೆಷಿನ್ ಹಿಡಿದು ಕೊಯ್ದರು. ಬಿಳಿ ಹೊಡಿ ಎದ್ದು ಅಂಗಳದಲ್ಲಿ ಒಣಗುತ್ತಿದ್ದ ಅಡಿಕೆಯ ಮೇಲೆಲ್ಲ ಕೂತಿತು. "ನಿಲ್ಸಿ, ಮೊದಲು ನೀರು ಹಾಕಿ" ಎಂದು ಕೂಗಿದೆ. "ಸಿಮೆಂಟಿನ ಹೊಡಿ ಅಲ್ವಾ ಮಾಷ್ಟ್ರೇ, ಎಂತ ಹೆದರಿಕೆ?" ಎಂದು ಒಬ್ಬ ನಕ್ಕ.

ಅವನನ್ನು ಬೈದು ಫಲವಿಲ್ಲ. ಕಾಸರಗೋಡಿನ ನಮಗೆ ವಿಷ ಎಂದರೆ ಎಂಡೋಸಲ್ಫಾನ್ ಎಂಬ ಕೀಟನಾಶಕ. ಗೇರುತೋಟದ ಮೇಲೆ ಹೆಲಿಕಾಪ್ಟರಿನಿಂದ ಸುರಿದದ್ದು, 2011ರಲ್ಲಿ ಸುಪ್ರೀಂ ಕೋರ್ಟ್ ತಡೆದದ್ದು. ಡಬ್ಬಿಯಲ್ಲಿ ಬರುವ, ಮೂಗಿಗೆ ಹೊಡೆಯುವ ಔಷಧಿ ಮಾತ್ರ ವಿಷ ಎಂದು ತಲೆಯಲ್ಲಿ ಕೂತುಬಿಟ್ಟಿದೆ. ಆಸ್ಬೆಸ್ಟಾಸ್‌ಗೆ ವಾಸನೆಯೇ ಇಲ್ಲ. ಅದೊಂದು ಕಲ್ಲು. ಕೆಡುಕೆಲ್ಲ ಹೆಚ್ಚಾಗಿ ಅದರ ಆಕಾರದಲ್ಲಿದೆ.

ತೆಂಗಿನ ಸಿಪ್ಪೆ ಜಜ್ಜಿದರೆ ನಾರು ಉದ್ದಕ್ಕೆ ಸೀಳುತ್ತದಲ್ಲ, ಈ ಕಲ್ಲೂ ಹಾಗೇ. ಸೀಳಿದಷ್ಟೂ ಇನ್ನೂ ಸಪೂರ ಎಳೆ ಬರುತ್ತದೆ, ತಲೆಕೂದಲಿನ ನೂರನೇ ಒಂದು ಪಾಲಿಗಿಂತಲೂ ತೆಳು. ಉಸಿರಿನ ಜೊತೆ ಶ್ವಾಸಕೋಶದ ತಳಕ್ಕೆ ಇಳಿಯುತ್ತದೆ. ಅಲ್ಲಿ ಕಸ ನುಂಗಿ ಕರಗಿಸುವ ಕಾವಲು ಕೋಶಗಳಿವೆ. ಮಾಮೂಲಿ ಧೂಳನ್ನು ನುಂಗಿಬಿಡುತ್ತವೆ. ಆದರೆ ಈ ಎಳೆ ಕೋಶಕ್ಕಿಂತಲೂ ಉದ್ದವಿದ್ದರೆ? ಕೇರೆಹಾವು ಕಪ್ಪೆ ಎಂದುಕೊಂಡು ಹಿಡಿಸೂಡಿ ಕಡ್ಡಿಗೆ ಬಾಯಿ ಹಾಕಿದ ಹಾಗೆ. ನುಂಗಲೂ ಆಗದು, ಉಗುಳಲೂ ಆಗದು. ಒದ್ದಾಡುವ ಕೋಶ ಕರಗಿಸುವ ರಸವನ್ನು ಸುತ್ತ ಚೆಲ್ಲಿ ಕೊನೆಗೆ ತಾನೇ ಸಾಯುತ್ತದೆ. ಎಳೆ ಅಲ್ಲೇ ಇರುತ್ತದೆ. ಇನ್ನೊಂದು ಕೋಶ ಬರುತ್ತದೆ, ಅದೂ ಸಾಯುತ್ತದೆ. ಗಂಟಲಿನ ಮೀನಿನ ಮುಳ್ಳಿಗೆ ಅನ್ನದ ಉಂಡೆ ನುಂಗುವವರಿದ್ದಾರೆ, ಇದನ್ನು ಇಳಿಸುವ ಉಂಡೆಯಂತೂ ಇಲ್ಲ. ಹೀಗೆ ಇಪ್ಪತ್ತು, ಮೂವತ್ತು, ನಲವತ್ತು ವರ್ಷ ಉರಿಯೂತ, ಗಾಯ. ಕೆಲವರಲ್ಲಿ ಕೊನೆಗೆ ಕ್ಯಾನ್ಸರ್. ಶ್ವಾಸಕೋಶದ ಹೊದಿಕೆಗೆ ಬರುವ ಅಪರೂಪದ ಕ್ಯಾನ್ಸರಿಗೂ ಈ ಕಲ್ಲಿಗೂ ಇರುವ ನಂಟನ್ನು ದಕ್ಷಿಣ ಆಫ್ರಿಕಾದ ವೈದ್ಯರು ತೋರಿಸಿಕೊಟ್ಟದ್ದು 1960ರಲ್ಲಿ. ಆ ಹೊತ್ತಿಗೆ ಜಗತ್ತಿನ ಹಡಗುಗಳ ಬಾಯ್ಲರು, ಪೈಪು, ಗೋಡೆಗಳಿಗೆಲ್ಲ ಅದನ್ನು ಸುತ್ತಿ ಆಗಿತ್ತು.

ಹಾಗಂತ ಶೀಟಿನ ಮನೆಯಲ್ಲಿ ಮಲಗಿದವರು ಹೆದರಿ ಓಡಬೇಕಿಲ್ಲ. ಸಿಮೆಂಟಿನಲ್ಲಿ ಕಚ್ಚಿಕೊಂಡ ಎಳೆ ಅಷ್ಟು ಸುಲಭಕ್ಕೆ ಏಳುವುದಿಲ್ಲ. ಕೊಯ್ದರೆ, ಒಡೆದರೆ, ಕೊರೆದರೆ ಏಳುತ್ತದೆ. ಹಡಗು ಒಡೆಯುವುದೆಂದರೆ ಅದೇ ಕೆಲಸ, ದಿನವಿಡೀ.

ಒಡೆಯಲೆಂದು ಹಳೆ ಹಡಗುಗಳು ಗುಜರಾತಿನ ಅಲಂಗ್‌ಗೆ ಬರುವುದು ಕೂಲಿ ಕಡಿಮೆ ಎಂದು ಮಾತ್ರ ಅಲ್ಲ. ನಮ್ಮ ಕುಂಬಳೆ ಕಡಲಲ್ಲಿ ಏರಿಳಿತ ಆಳೆತ್ತರವೂ ಇಲ್ಲ. ಅಲಂಗ್ ಇರುವ ಖಂಭಾತ್ ಕೊಲ್ಲಿಯೋ ಆಲಿಕೆಯ ಹಾಗೆ, ಒಳಗೆ ಹೋದಂತೆ ಕಿರಿದು. ನುಗ್ಗಿದ ನೀರಿಗೆ ಮೇಲೇರದೆ ಬೇರೆ ದಾರಿಯಿಲ್ಲ. ದೊಡ್ಡ ಉಬ್ಬರದಲ್ಲಿ ಹಡಗನ್ನು ದಡಕ್ಕೆ ನುಗ್ಗಿಸುತ್ತಾರೆ. ನೀರು ಇಳಿದರೆ ಅದು ಕೆಸರಿನಲ್ಲಿ ಕೂತಿರುತ್ತದೆ.

ಫ್ರಾನ್ಸಿನ ಹಳೆ ಯುದ್ಧನೌಕೆ ಕ್ಲೆಮಾನ್ಸೋ 2005ರ ಕೊನೆಯ ದಿನ ಅಲ್ಲಿಗೇ ಹೊರಟಿತು. ಒಳಗೆ ಉಳಿದದ್ದು 45 ಟನ್ ಆಸ್ಬೆಸ್ಟಾಸ್ ಎಂದಿತು ಫ್ರಾನ್ಸ್ ಸರ್ಕಾರ. ಅಲ್ಲ, ನೂರಾರು ಟನ್ ಎಂದರು ವಿರೋಧಿಗಳು. ಪರಿಸರ ಸಂಘಟನೆ ಗ್ರೀನ್‌ಪೀಸ್‌ನವರು ಈಜಿಪ್ಟಿನ ಹತ್ತಿರ ಹಡಗನ್ನೇ ಹತ್ತಿದರು. ಇಲ್ಲಿ ವಿಷಯ ಸುಪ್ರೀಂ ಕೋರ್ಟಿಗೂ ಹೋಯಿತು. 2006ರ ಫೆಬ್ರವರಿಯಲ್ಲಿ ಫ್ರಾನ್ಸಿನ ಅಧ್ಯಕ್ಷ ಶಿರಾಕ್ ಅದನ್ನು ವಾಪಸ್ ಕರೆಸಿಕೊಂಡರು. ಕೊನೆಗೆ ಅದು ಬಿಚ್ಚಿಹೋದದ್ದು ಇಂಗ್ಲೆಂಡಿನಲ್ಲಿ. ಅಲ್ಲಿಯೂ ಊರವರು ಬೇಡ ಎಂದಿದ್ದರು!

ಅದರ ತಂಗಿ ಹಡಗು ಫಾಶ್ ಅನ್ನು ಬ್ರೆಜಿಲ್ ಕೊಂಡು ಸಾವೊ ಪಾಲೊ ಎಂದು ಹೆಸರಿಟ್ಟಿತ್ತು. 2022ರಲ್ಲಿ ಗುಜರಿಗೆಂದು ಟರ್ಕಿಗೆ ಹೊರಟಾಗ ಅಲ್ಲಿನ ಜನ ಬೀದಿಗಿಳಿದರು, ಟರ್ಕಿ ಬೇಡ ಎಂದಿತು. ವಾಪಸ್ ಬಂದರೆ ಬ್ರೆಜಿಲಿನಲ್ಲೂ ಬಂದರು ಸಿಗಲಿಲ್ಲ. 2023ರ ಫೆಬ್ರವರಿಯಲ್ಲಿ ನೌಕಾಪಡೆ ಅದನ್ನು ಅಟ್ಲಾಂಟಿಕ್‌ನಲ್ಲಿ ಮುಳುಗಿಸಿತು. ಆಸ್ಬೆಸ್ಟಾಸ್ ಸಮೇತ.

ನಮ್ಮ ಹಟ್ಟಿಯ ಶೀಟುಗಳನ್ನು ಸದ್ಯಕ್ಕೆ ಒದ್ದೆ ಮಾಡಿ, ಟಾರ್ಪಾಲು ಮುಚ್ಚಿ ಬಾವಿಯಿಂದ ದೂರ ಇಟ್ಟಿದ್ದೇನೆ. ಒಯ್ಯುವವರು ಯಾರೂ ಸಿಕ್ಕಿಲ್ಲ. ಪಕ್ಕದ ಮನೆಯವರು ಕೋಳಿಗೂಡಿಗೆ ಎರಡು ಕೇಳಿದ್ದಾರೆ.