ಕೊನೆ ಗೊತ್ತಿದ್ದೂ ಮತ್ತೆ ಓದುವುದು ಯಾಕೆ?

ಓದುಗರ ಪ್ರಶ್ನೆ: ‘ಪ್ರೈಡ್ ಆಂಡ್ ಪ್ರೆಜುಡಿಸ್’ ಕಾದಂಬರಿಯನ್ನು ಎರಡು ಸಲ ಶುರುಮಾಡಿ ಎರಡು ಸಲವೂ ಹತ್ತನೇ ಅಧ್ಯಾಯದ ಹತ್ತಿರ ಬಿಟ್ಟೆ. ಕೊನೆಯಲ್ಲಿ ನಾಯಕಿ ಎಲಿಜಬೆತ್, ನಾಯಕ ಡಾರ್ಸಿ ಇಬ್ಬರಿಗೆ ಮದುವೆ ಆಗುತ್ತದೆ ಅಂತ ಎಲ್ಲರಿಗೂ ಗೊತ್ತು. ಹಾಗಿದ್ದೂ ಜನ ಅದನ್ನು ಐದು ಸಲ, ಹತ್ತು ಸಲ ಓದುವುದು ಯಾಕೆ? ಅದರಲ್ಲಿ ಅಂಥದ್ದು ಏನುಂಟು? — ಉಡುಪಿಯ ಓದುಗರೊಬ್ಬರು

ಕೊನೆ ಗೊತ್ತಿರುವುದೇ ತೊಂದರೆಯಾಗಿದ್ದರೆ ನಮ್ಮೂರಿನಲ್ಲಿ ತಾಳಮದ್ದಳೆ (ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ) ಯಾವತ್ತೋ ನಿಂತುಹೋಗಬೇಕಿತ್ತು. ‘ವಾಲಿ ವಧೆ’ಯಲ್ಲಿ ವಾಲಿ ಸಾಯುತ್ತಾನೆಂದು ಗೊತ್ತಿಲ್ಲದವರು ಸಭೆಯಲ್ಲಿ ಯಾರಿರುತ್ತಾರೆ? ವೇಷವಿಲ್ಲ, ಕುಣಿತವಿಲ್ಲ. ಬಾಣ ತಾಗಿ ಬಿದ್ದ ವಾಲಿ ಇವತ್ತು ರಾಮನನ್ನು ಏನು ಕೇಳುತ್ತಾನೆ, ರಾಮನ ಪಾತ್ರದ ಮಾತಾಡುವ ಅರ್ಥಧಾರಿ ಜಾರಿಕೊಳ್ಳದೆ ಹೇಗೆ ಉತ್ತರ ಕೊಡುತ್ತಾನೆ ಎನ್ನುವಲ್ಲಿ ಎಲ್ಲರ ಕಿವಿ ಇರುತ್ತದೆ. ಜೇನ್ ಆಸ್ಟಿನ್ ಅವರ ಈ ಕಾದಂಬರಿಯನ್ನು ಬರೀ ಪ್ರೇಮಕತೆ ಎಂದು ತೆರೆದರೆ ಹತ್ತನೇ ಅಧ್ಯಾಯದಲ್ಲಿ ತೂಕಡಿಕೆ ಬರುವುದು ಸಹಜ. ತಾಳಮದ್ದಳೆ ಕೇಳುವ ಕಿವಿಯಿಂದ ಓದಿದರೆ ಕಣ್ಣು ಬಿಡುವುದೂ ಅಲ್ಲೇ.

ನೀವು ಬಿಟ್ಟ ಆ ಅಧ್ಯಾಯವನ್ನೇ ನೋಡೋಣ. ಅದರಲ್ಲಿ ಘಟನೆ ಎಂಬುದು ಇಲ್ಲವೇ ಇಲ್ಲ. ಬಿಂಗ್ಲಿ ಬಾಡಿಗೆಗೆ ಹಿಡಿದ ನೆದರ್‌ಫೀಲ್ಡ್ ಬಂಗಲೆಯಲ್ಲಿ ರಾತ್ರಿ ಹೊತ್ತು ಅವನ ಗೆಳೆಯ ಡಾರ್ಸಿ ತನ್ನ ತಂಗಿಗೆ ಕಾಗದ ಬರೆಯುತ್ತಿದ್ದಾನೆ. ಬಿಂಗ್ಲಿಯ ಸಹೋದರಿ ಅವನ ಅಕ್ಷರವನ್ನು ಹೊಗಳಿ ಹೊಗಳಿ ಜೀವ ತಿನ್ನುತ್ತಿದ್ದಾಳೆ. ಎಲಿಜಬೆತ್ ಹೊಲಿಗೆ ಹಿಡಿದುಕೊಂಡು ಇದನ್ನೆಲ್ಲ ಕೇಳುತ್ತ ಒಳಗೊಳಗೇ ನಗುತ್ತಿದ್ದಾಳೆ. ಮಾತು ಬಿಂಗ್ಲಿಯ ಸ್ವಭಾವದ ಕಡೆ ಹೊರಳುತ್ತದೆ. ಈ ಮನೆ ಬಿಡಬೇಕೆಂದು ಅನ್ನಿಸಿದರೆ ಐದೇ ನಿಮಿಷದಲ್ಲಿ ಹೊರಟುಬಿಡುತ್ತೇನೆ ಎಂದು ಅವನು ಬೆಳಿಗ್ಗೆ ಕೊಚ್ಚಿಕೊಂಡಿದ್ದ. ಕುದುರೆ ಹತ್ತುವಾಗ ಗೆಳೆಯನೊಬ್ಬ ‘ಇನ್ನೊಂದು ವಾರ ಇರು’ ಎಂದರೆ ಇವನು ಇಳಿದೇಬಿಡುತ್ತಾನೆ ಎಂದು ಡಾರ್ಸಿ ಚುಚ್ಚುತ್ತಾನೆ. ಗೆಳೆಯನ ಮಾತಿಗೆ ಮಣಿಯುವುದು ಗುಣವಲ್ಲವೇ ಎಂದು ಎಲಿಜಬೆತ್ ವಾದ ಹೂಡುತ್ತಾಳೆ. ಮನಸ್ಸಿಗೆ ಒಪ್ಪದೆ ಮಣಿದರೆ ಇಬ್ಬರ ಬುದ್ಧಿಗೂ ಮರ್ಯಾದೆ ಅಲ್ಲ ಎಂಬುದು ಡಾರ್ಸಿಯ ಪಟ್ಟು.

ಮೊದಲ ಓದಿಗೆ ಇದು ಹೊತ್ತು ಕಳೆಯುವ ಹರಟೆ. ಆದರೆ 21ನೇ ಅಧ್ಯಾಯದ ಹೊತ್ತಿಗೆ ಬಿಂಗ್ಲಿ ಎಲಿಜಬೆತ್‌ಳ ಅಕ್ಕ ಜೇನ್‌ಳನ್ನು ಬಿಟ್ಟು ನಿಜವಾಗಿಯೇ ಹೋಗಿಬಿಟ್ಟಿರುತ್ತಾನೆ. ಅವನ ಮನಸ್ಸು ತಿರುಗಿಸಿದ್ದು ಡಾರ್ಸಿ ಎಂದು 33ರಲ್ಲಿ ಎಲಿಜಬೆತ್‌ಗೆ ತಿಳಿಯುತ್ತದೆ. ಅವಳು ಯಾವ ಗುಣದ ಪರವಾಗಿ ವಾದಿಸಿದ್ದಳೋ ಅದೇ ಅಕ್ಕನಿಗೆ ಮುಳುವಾಯಿತು. ಡಾರ್ಸಿ ಯಾವ ದೌರ್ಬಲ್ಯವನ್ನು ಹಳಿದಿದ್ದನೋ ಅದನ್ನೇ ಹಿಡಿದು ಗೆಳೆಯನನ್ನು ಆಡಿಸಿದ. ‘ನೋಡಿ, ಆವತ್ತು ಹೀಗೆ ಹೇಳಿದ್ದರಲ್ಲ’ ಎಂದು ಆಸ್ಟಿನ್ ಎಲ್ಲಿಯೂ ಬೊಟ್ಟು ಮಾಡಿ ತೋರಿಸುವುದಿಲ್ಲ. ಎರಡನೇ ಸಲ ಓದುವಾಗ ನಮಗೇ ಕಂಡು ಬೆಚ್ಚಿಬೀಳುತ್ತೇವೆ. ಇಂಥ ಗಂಟುಗಳು ಪುಸ್ತಕದ ತುಂಬ ಉಂಟು.

ಇಷ್ಟು ಬಿಗಿಯಾದ ಹೆಣಿಗೆ ಒಂದೇ ಉಸಿರಿನಲ್ಲಿ ಬಂದದ್ದಲ್ಲ. ಮೊದಲ ಕರಡು 1796ರ ಅಕ್ಟೋಬರಿನಿಂದ 1797ರ ಆಗಸ್ಟಿನವರೆಗೆ, ಬೇರೆ ಶೀರ್ಷಿಕೆಯಲ್ಲಿ ಬರೆದದ್ದು. ಆಗ ಆಸ್ಟಿನ್ ಅವರಿಗೆ ಇಪ್ಪತ್ತೊಂದರ ಆಸುಪಾಸು. ತಂದೆ ಅದನ್ನು ಲಂಡನ್ನಿನ ಪ್ರಕಾಶಕರಿಗೆ ಕಾಗದ ಬರೆದು ತಿಳಿಸಿದರೆ, ಹಸ್ತಪ್ರತಿಯನ್ನು ತರಿಸಿ ನೋಡುವಷ್ಟೂ ಆಸಕ್ತಿ ಅವರು ತೋರಲಿಲ್ಲ. ತಿದ್ದಿ ಕತ್ತರಿಸಿ ಕೊನೆಗೆ ಅಚ್ಚಾದದ್ದು 1813ರ ಜನವರಿ 28ರಂದು, ಮೂರು ಸಂಪುಟಗಳಲ್ಲಿ, 18 ಶಿಲ್ಲಿಂಗ್ ಬೆಲೆಗೆ, ಲೇಖಕಿಯ ಹೆಸರಿಲ್ಲದೆ. ಹಕ್ಕನ್ನು ಅವರು 110 ಪೌಂಡಿಗೆ ಮಾರಿಬಿಟ್ಟಿದ್ದರು. ಕೇಳಿದ್ದು 150. ಅದೇ ವರ್ಷ ಎರಡನೇ ಮುದ್ರಣ ಬಂದಾಗ ಅವರಿಗೆ ಒಂದು ಕಾಸೂ ಸಿಗಲಿಲ್ಲ.

ಇನ್ನು ಭಾಷೆ. ಮೊದಲ ವಾಕ್ಯದಲ್ಲೇ ಬಹಳ ಮಂದಿ ಮುಗ್ಗರಿಸುತ್ತಾರೆ. ಆಸ್ತಿವಂತ ಬ್ರಹ್ಮಚಾರಿಗೆ ಹೆಂಡತಿ ಬೇಕೇ ಬೇಕು ಎಂಬುದು ಜಗತ್ತೇ ಒಪ್ಪಿದ ಸತ್ಯ ಎಂದು ಕಾದಂಬರಿ ಗಂಭೀರವಾಗಿ ಸಾರುತ್ತದೆ. ಇದು ಲೇಖಕಿಯ ಅಭಿಪ್ರಾಯ ಎಂದುಕೊಂಡರೆ ಕೆಟ್ಟಿತು. ಕನ್ನಡದವರ ಬಳಿ ಇದಕ್ಕೆ ಇಂಗ್ಲಿಷಿನಲ್ಲಿ ಇಲ್ಲದ ಒಂದು ಕೀಲಿಕೈ ಉಂಟು: ‘ಅಂತೆ’. ಆಸ್ತಿವಂತ ಬ್ರಹ್ಮಚಾರಿಗೆ ಹೆಂಡತಿ ಬೇಕೇ ಬೇಕಂತೆ ಎಂದು ಓದಿ ನೋಡಿ. ಕೂಡಲೇ ಆ ವಾಕ್ಯ ಯಾರ ಬಾಯಿಂದ ಬಂದದ್ದೆಂದು ಗೊತ್ತಾಗುತ್ತದೆ; ಮಗಳಂದಿರನ್ನು ಇಟ್ಟುಕೊಂಡು ಕೂತ ಊರ ಅಮ್ಮಂದಿರ ಮಾತು ಅದು. ತುಳುವಿನಲ್ಲಿ ‘ಬರ್ಪೆಗೆ’ ಎನ್ನುವಾಗ ಕೊನೆಗೆ ಅಂಟುವ ‘ಗೆ’ ಮಾಡುವ ಕೆಲಸವೂ ಇದೇ. ಆಸ್ಟಿನ್ ಪಾತ್ರಗಳ ಮನಸ್ಸಿನ ಮಾತನ್ನು, ಊರಿನ ಮಾತನ್ನು ಉದ್ಧರಣ ಚಿಹ್ನೆಯಿಲ್ಲದೆ ತನ್ನ ನಿರೂಪಣೆಯೊಳಗೇ ಸೇರಿಸಿಬಿಡುತ್ತಾರೆ. ಆದ್ದರಿಂದ ಯಾವುದೇ ವಾಕ್ಯ ಅತಿಯಾಯಿತು ಅನಿಸಿದಾಗ ಕೊನೆಗೆ ‘ಅಂತೆ’ ಸೇರಿಸಿ. ಒಪ್ಪಿದರೆ ಅದು ಲೇಖಕಿಯ ತೀರ್ಪಲ್ಲ.

ಡಾರ್ಸಿ ಜಂಬಗಾರ, ಅವನನ್ನು ಕಂಡರೆ ಯಾರಿಗೂ ಆಗುವುದಿಲ್ಲ ಎಂದು ಮೂರನೇ ಅಧ್ಯಾಯದಲ್ಲಿ ಊರು ತೀರ್ಮಾನಿಸುವುದೂ ಹೀಗೆಯೇ, ಒಂದೇ ಸಂಜೆಯಲ್ಲಿ. ಅಲ್ಲಿ ‘ಅಂತೆ’ ಹಚ್ಚಲು ನಾವು ಮರೆಯುತ್ತೇವೆ. ಎಲಿಜಬೆತ್ ಕೂಡ ಮರೆಯುತ್ತಾಳೆ. ಕಾದಂಬರಿಯ ಬಲೆ ಇರುವುದು ಇಲ್ಲಿ.

16ನೇ ಅಧ್ಯಾಯದಲ್ಲಿ ವಿಕಮ್ ಎಂಬ ಚೆಂದದ ಸೈನ್ಯಾಧಿಕಾರಿ ಬಂದು ಡಾರ್ಸಿ ತನಗೆ ಮಾಡಿದ ಅನ್ಯಾಯವನ್ನು ಹೇಳಿಕೊಳ್ಳುತ್ತಾನೆ. ಎಲಿಜಬೆತ್ ನಂಬುತ್ತಾಳೆ, ನಾವೂ ನಂಬುತ್ತೇವೆ. ಡಾರ್ಸಿಗೆ ಹೆದರಿ ಜಾಗ ಬಿಡುವವನು ತಾನಲ್ಲ ಎಂದವನು 18ನೇ ಅಧ್ಯಾಯದ ನೃತ್ಯಕೂಟಕ್ಕೆ ಬರುವುದೇ ಇಲ್ಲ. ಡಾರ್ಸಿಯ ತಂದೆಯ ಮೇಲಿನ ಗೌರವಕ್ಕಾಗಿ ಇದನ್ನು ಬಯಲು ಮಾಡುವುದಿಲ್ಲ ಎಂದವನು, ಡಾರ್ಸಿ ಊರು ಬಿಟ್ಟದ್ದೇ ತಡ, ಎಲ್ಲರಿಗೂ ಹೇಳಿಕೊಂಡು ತಿರುಗುತ್ತಾನೆ. ಪರಿಚಯವಾದ ಮೊದಲ ದಿನಗಳಲ್ಲೇ ಯಾರಾದರೂ ಇಂಥ ಮನೆಮಾತನ್ನು ಅಪರಿಚಿತ ಹುಡುಗಿಯ ಮುಂದೆ ಹರಡುತ್ತಾರೆಯೇ? ಎಲ್ಲ ಸಾಕ್ಷಿ ನಮ್ಮ ಕಣ್ಣೆದುರೇ ಇತ್ತು. ನೋಡಲಿಲ್ಲ ಅಷ್ಟೆ.

ಡಾರ್ಸಿಯ ಮೊದಲ ಮದುವೆ ಪ್ರಸ್ತಾಪ 34ನೇ ಅಧ್ಯಾಯದಲ್ಲಿ, ಅವನ ಕಾಗದ 35ರಲ್ಲಿ. ಈ ಕಾದಂಬರಿಯನ್ನು ಮತ್ತೆ ಮತ್ತೆ ಓದುವುದಕ್ಕೆ ಕಾರಣ ಒಂದೇ ಹೇಳಿ ಎಂದರೆ ನಾವು 36ನ್ನು ತೋರಿಸುತ್ತೇವೆ. ಅಲ್ಲಿ ನಡೆಯುವುದು ಇಷ್ಟೇ: ಎಲಿಜಬೆತ್ ಆ ಕಾಗದವನ್ನು ಮತ್ತೆ ಓದುತ್ತಾಳೆ. ಮೊದಲ ಸಲ ಸಿಟ್ಟಿನಲ್ಲಿ ಓಡಿಸಿ, ಎಲ್ಲ ಸುಳ್ಳೆಂದು ಮಡಚಿಡುತ್ತಾಳೆ. ಅರ್ಧ ನಿಮಿಷದಲ್ಲಿ ಮತ್ತೆ ಬಿಡಿಸಿ ವಿಕಮ್‌ನ ಭಾಗವನ್ನು ವಾಕ್ಯ ವಾಕ್ಯವಾಗಿ ತೂಗಿ ನೋಡುತ್ತಾಳೆ. ಪಾದ್ರಿಯ ಹುದ್ದೆ ಬೇಡವೆಂದು ಅವನು 3,000 ಪೌಂಡ್ ತೆಗೆದುಕೊಂಡದ್ದು, ಆಮೇಲೆ 30,000 ಪೌಂಡಿನ ಒಡತಿಯಾದ ಹದಿನೈದರ ಹುಡುಗಿಯನ್ನು, ಡಾರ್ಸಿಯ ತಂಗಿಯನ್ನು, ಓಡಿಸಿಕೊಂಡು ಹೋಗಲು ನೋಡಿದ್ದು ಎಲ್ಲ ಅದರಲ್ಲಿ ಉಂಟು. ಎರಡು ಗಂಟೆ ಆ ದಾರಿಯಲ್ಲೇ ಅಲೆಯುತ್ತಾಳೆ. ಇಷ್ಟು ದಿನ ತನಗೆ ತನ್ನ ಪರಿಚಯವೇ ಇರಲಿಲ್ಲ ಎಂದುಕೊಳ್ಳುತ್ತಾಳೆ. ಪ್ರೇಮಕತೆಯೊಂದರ ನಟ್ಟನಡುವೆ ನಾಯಕಿ ಒಬ್ಬಳೇ ಓದಿದ್ದನ್ನು ಮರು ಓದಿ, ತಾನು ತಪ್ಪಿದ್ದೆಲ್ಲಿ ಎಂದು ಹುಡುಕುತ್ತಾಳೆ. ಓದುಗರು ಆಮೇಲೆ ಮಾಡುವುದೂ ಅದನ್ನೇ, ಪುಸ್ತಕ ಮುಚ್ಚಿ ಮೂರನೇ ಅಧ್ಯಾಯಕ್ಕೆ ಮರಳಿ.

ಹಣದ ವಿಷಯ ಬಿಟ್ಟರೆ ಅರ್ಧ ಕತೆ ಹೋಯಿತು. ಎಲಿಜಬೆತ್‌ಳ ತಂದೆ ಬೆನೆಟ್‌ರ ಲಾಂಗ್‌ಬೋರ್ನ್ ಆಸ್ತಿಯ ಹುಟ್ಟುವಳಿ ವರ್ಷಕ್ಕೆ 2,000 ಪೌಂಡ್. ಆದರೆ ಅದು ಗಂಡಿಗೆ ಮಾತ್ರ ಎಂದು ಕಟ್ಟಿಹಾಕಿದ ಆಸ್ತಿ; ಐವರು ಹೆಣ್ಣುಮಕ್ಕಳಿದ್ದೂ ದೂರದ ದಾಯಾದಿ ಕಾಲಿನ್ಸ್‌ಗೆ ಹೋಗಬೇಕು. ಹುಡುಗಿಯರಿಗೆ ಉಳಿಯುವುದು ತಾಯಿ ತೀರಿಕೊಂಡ ಮೇಲೆ ತಲಾ 1,000 ಪೌಂಡ್, ನೂರಕ್ಕೆ ನಾಲ್ಕರ ಬಡ್ಡಿಯಲ್ಲಿ. ಅಂದರೆ ವರ್ಷಕ್ಕೆ 40 ಪೌಂಡ್. ಡಾರ್ಸಿಯ ಆದಾಯ 10,000. ಎಲಿಜಬೆತ್ ಮೊದಲ ಸಲ ‘ಒಲ್ಲೆ’ ಎಂದಾಗ ತನ್ನ ಪಾಲಿನ 250 ಪಟ್ಟನ್ನು ಒದ್ದು ಎದ್ದಳು. ಈ ಲೆಕ್ಕ ತಲೆಯಲ್ಲಿ ಇಲ್ಲದಿದ್ದರೆ 34ನೇ ಅಧ್ಯಾಯ ಬರೀ ಜಗಳದ ಹಾಗೆ ಕಾಣುತ್ತದೆ. ಗೆಳತಿ ಷಾರ್ಲಟ್, ವಯಸ್ಸು 27, ಎಲಿಜಬೆತ್ ಬೇಡವೆಂದ ಕಾಲಿನ್ಸ್‌ನನ್ನು ಮೂರು ದಿನಗಳೊಳಗೆ ಒಪ್ಪಿಕೊಂಡದ್ದು ಯಾಕೆಂದೂ ಅರ್ಥವಾಗುವುದಿಲ್ಲ.

ಇಲ್ಲಿ ಕರಾವಳಿಯ ಓದುಗರಿಗೆ ಬೇರೆಯವರಿಗಿಲ್ಲದ ಒಂದು ಅನುಕೂಲ ಉಂಟು. ಅಳಿಯಕಟ್ಟು (ಅಳಿಯಸಂತಾನ), ಮಕ್ಕಳಕಟ್ಟು (ಆಸ್ತಿ ತಂದೆಯಿಂದ ಮಕ್ಕಳಿಗೆ) ಎರಡನ್ನೂ ಕಂಡ ಊರು ಇದು. ಅಳಿಯಸಂತಾನದಲ್ಲಿ ಕುಟುಂಬದ ಬೇರು ಹೆಣ್ಣು. ಮಕ್ಕಳು ತಾಯಿಯ ಕುಟುಂಬಕ್ಕೆ ಸೇರಿದವರು. ಆ ಲೆಕ್ಕದಲ್ಲಿ ಬೆನೆಟ್‌ನ ಮಗಳಂದಿರಿಗೆ ಲಾಂಗ್‌ಬೋರ್ನ್ ಇಲ್ಲಿಯೂ ಸಿಗುತ್ತಿರಲಿಲ್ಲ ನಿಜ. ಆದರೆ ತಾಯಿಯ ಮನೆಯಲ್ಲಿ ಹಕ್ಕು ಇರುತ್ತಿತ್ತು, ಸೋದರಮಾವ ಯಜಮಾನನಾಗಿ ನಿಲ್ಲುತ್ತಿದ್ದ. ತಮಾಷೆಯೆಂದರೆ ಕಾದಂಬರಿಯಲ್ಲಿಯೂ ಕಷ್ಟಕಾಲಕ್ಕೆ ನಿಲ್ಲುವುದು ಅವನೇ. ಕಿರಿಯವಳು ಲಿಡಿಯಾ ವಿಕಮ್ ಜೊತೆ ಓಡಿಹೋದಾಗ ಲಂಡನ್ನಿನಲ್ಲಿ ಓಡಾಡುವುದು, ಮದುವೆ ಮಾಡಿಸುವುದು ತಾಯಿಯ ಸಹೋದರ ಗಾರ್ಡಿನರ್. ದುಡ್ಡು ಮಾತ್ರ ಡಾರ್ಸಿಯದ್ದೆಂದು 52ರಲ್ಲಿ ಗೊತ್ತಾಗುತ್ತದೆ. ಅಪ್ಪನ ಕತೆ ಕೇಳಬೇಡಿ. ಗಂಡು ಹುಟ್ಟುತ್ತದೆ, ಅವನು ಪ್ರಾಯಕ್ಕೆ ಬಂದ ಮೇಲೆ ಸೇರಿ ಆ ಕಟ್ಟು ಬಿಚ್ಚಿಸಿದರಾಯಿತು ಎಂದು ಕಾದು ಕಾದು, ಬಂದದ್ದನ್ನೆಲ್ಲ ಖರ್ಚು ಮಾಡಿ, ಒಂದು ಪೌಂಡ್ ಉಳಿಸದ ಮನುಷ್ಯ. ಅವನ ಚುರುಕು ಮಾತಿಗೆ ಮೊದಲ ಓದಿನಲ್ಲಿ ನಗುತ್ತೇವೆ, ಅವನ ಹೆಂಡತಿಯನ್ನು ಗೇಲಿ ಮಾಡುತ್ತೇವೆ. ನಮ್ಮ ಅಭಿಪ್ರಾಯದಲ್ಲಿ ಆ ಮನೆಯಲ್ಲಿ ಹಣದ ಬಗ್ಗೆ ಸರಿಯಾಗಿ ಹೆದರಿದವಳು ಅವಳೊಬ್ಬಳೇ. ಆಸ್ಟಿನ್ ಆಕೆಗೆ ಸ್ವಲ್ಪ ಹೆಚ್ಚೇ ನಿಷ್ಠುರರಾದರು.

ಮತ್ತೆ ಶುರುಮಾಡುವುದಾದರೆ ಕೆಲವು ಸಂಗತಿ ಗಮನದಲ್ಲಿರಲಿ. ‘ಮಿಸ್ ಬೆನೆಟ್’ ಎಂದರೆ ಸಾಮಾನ್ಯವಾಗಿ ಹಿರಿಯವಳು, ಜೇನ್. ಉಳಿದವರಿಗೆ ಮಿಸ್ ಎಲಿಜಬೆತ್, ಮಿಸ್ ಮೇರಿ ಎಂದು ಹೆಸರು ಹಿಡಿದು ಹೇಳುತ್ತಾರೆ. ಇದು ತಿಳಿಯದೆ ಮೊದಲ ಅಧ್ಯಾಯಗಳಲ್ಲಿ ಯಾರು ಯಾರ ಜೊತೆ ಕುಣಿದರು ಎಂದೇ ಗೊಂದಲವಾಗುತ್ತದೆ. ವಿದ್ಯಾರ್ಥಿಗಳಿಗೆಂದು ಸಂಕ್ಷೇಪಿಸಿದ ಪ್ರತಿ ಬೇಡ. ಅದರಲ್ಲಿ ಮೊದಲು ಕತ್ತರಿ ಬೀಳುವುದು ಸಂಭಾಷಣೆಗೆ. ಕೋರಿ (ಕೋಳಿ ಸಾರು) ಬಿಟ್ಟು ಬರೀ ರೊಟ್ಟಿ ತಿಂದ ಹಾಗಾಗುತ್ತದೆ. ಹಕ್ಕುಸ್ವಾಮ್ಯ ಮುಗಿದ ಕೃತಿಯಾದ್ದರಿಂದ ಪೂರ್ಣಪಾಠ ಪ್ರಾಜೆಕ್ಟ್ ಗುಟೆನ್‌ಬರ್ಗ್ ತಾಣದಲ್ಲಿ ಪುಕ್ಕಟೆ ಸಿಗುತ್ತದೆ, ಓದಿ ಹೇಳಿದ ಧ್ವನಿಮುದ್ರಿಕೆ ಲಿಬ್ರಿವಾಕ್ಸ್‌ನಲ್ಲಿ. ಇಂಗ್ಲಿಷ್ ವಾಕ್ಯಗಳು ಉದ್ದವಾಗಿ ತೊಡಕೆನಿಸಿದರೆ ಒಂದು ಅಧ್ಯಾಯ ಕೇಳಿ, ಆಮೇಲೆ ಅದನ್ನೇ ಓದಿ. ಒಟ್ಟು 61 ಅಧ್ಯಾಯ, ಸುಮಾರು 1,20,000 ಪದ. ದಿನಕ್ಕೆ ಮೂರರಂತೆ ಮೂರು ವಾರ. ಬಿಡುವು ಬೇಕಿದ್ದರೆ 23 ಅಥವಾ 42 ಮುಗಿಸಿ ತೆಗೆದುಕೊಳ್ಳಿ. ಹಳೆಯ ಸಂಪುಟಗಳು ಮುಗಿಯುತ್ತಿದ್ದುದು ಅಲ್ಲಿ. 34ರಿಂದ 36ರವರೆಗೆ ಮಾತ್ರ ಒಂದೇ ಸಲ ಕೂತು ಓದಿ ಮುಗಿಸಬೇಕು.

ಸಿನಿಮಾ, ಧಾರಾವಾಹಿ ನೋಡಿ ಬಂದವರಿಗೆ ಒಂದು ನಿರಾಸೆ ಕಾದಿರುತ್ತದೆ. ನಾಯಕ ಕೆರೆಗೆ ಹಾರುವುದು, ಮಳೆಯಲ್ಲಿ ತೊಯ್ದು ಪ್ರೇಮ ಹೇಳುವುದು, ಯಾವುದೂ ಪುಸ್ತಕದಲ್ಲಿ ಇಲ್ಲ. ಅವರಿಬ್ಬರ ನಡುವೆ ಒಂದು ಮುತ್ತೂ ಇಲ್ಲ. ನಿಜವಾದ ಹಣಾಹಣಿ 56ನೇ ಅಧ್ಯಾಯದಲ್ಲಿ. ಡಾರ್ಸಿಯ ತಾಯಿಯ ಸಹೋದರಿ, ದೊಡ್ಡಸ್ತಿಕೆಯ ಲೇಡಿ ಕ್ಯಾಥರೀನ್ ಸಾರೋಟಿನಲ್ಲಿ ಬಂದು, ಅವನನ್ನು ಮದುವೆಯಾಗುವುದಿಲ್ಲವೆಂದು ಮಾತು ಕೊಡು ಎಂದು ಎಲಿಜಬೆತ್‌ಳನ್ನು ಅಡ್ಡಹಾಕುತ್ತಾಳೆ. ಅವನು ಮನೆತನಸ್ಥ, ನಾನು ಮನೆತನಸ್ಥನ ಮಗಳು, ಅಲ್ಲಿಗೆ ಸಮ ಎಂದು ಹುಡುಗಿ ಜಗ್ಗದೆ ನಿಲ್ಲುತ್ತಾಳೆ. ಅಂಬೆ ಭೀಷ್ಮನನ್ನು ತರಾಟೆಗೆ ತೆಗೆದುಕೊಳ್ಳುವುದನ್ನು ಕೇಳಿದ ಕಿವಿಗೆ ಈ ಅಧ್ಯಾಯ ಹಬ್ಬ. ಸೋತ ಲೇಡಿ ಕ್ಯಾಥರೀನ್ ನೇರವಾಗಿ ಸಹೋದರಿಯ ಮಗನ ಬಳಿ ಹೋಗಿ ದೂರುತ್ತಾಳೆ. ಎಲಿಜಬೆತ್ ಮಾತು ಕೊಡಲಿಲ್ಲ ಎಂದು ಕೇಳಿದ ಮೇಲೆಯೇ ಡಾರ್ಸಿಗೆ ಮತ್ತೊಮ್ಮೆ ಕೇಳುವ ಧೈರ್ಯ ಬಂದದ್ದು.

58ರಲ್ಲಿ ಅವನು ಕೇಳುತ್ತಾನೆ. ಇಷ್ಟು ಹೊತ್ತು ಒಂದೊಂದು ಮಾತನ್ನೂ ನಮಗೆ ಕೇಳಿಸಿದ ಆಸ್ಟಿನ್, ಎಲಿಜಬೆತ್ ‘ಹೂಂ’ ಎಂದ ಮಾತುಗಳನ್ನು ಮಾತ್ರ ಕೊಡುವುದಿಲ್ಲ. ತನ್ನ ಮನಸ್ಸು ಬದಲಾಗಿದೆಯೆಂದು ಅವಳು ತಡವರಿಸುತ್ತ ತಿಳಿಸಿದಳು ಎಂದು ಒಂದು ಉದ್ದ ವಾಕ್ಯದಲ್ಲಿ ವರದಿ ಒಪ್ಪಿಸಿ ಮುಂದೆ ಹೋಗುತ್ತಾರೆ. ಪುಟ ತಪ್ಪಿತೇನೋ ಎಂದು ಹಿಂದೆ ತಿರುಗಿಸಬೇಡಿ. ಅಲ್ಲಿ ಇರುವುದು ಅಷ್ಟೇ.