ಕೆಂಪು ಗುರುತಿಲ್ಲದ ರಿಪೋರ್ಟು

ಕೊಡಗಿನ ಸಿದ್ದಾಪುರದ ಕಡೆಯ ಕಾಫಿ ತೋಟವೊಂದರಲ್ಲಿ ಕೂಲಿಕಾರರ ಲೈನ್ ಮನೆ. ಮೊಳೆಗೆ ನೇತುಹಾಕಿದ್ದ ಪ್ಲಾಸ್ಟಿಕ್ ಕವರಿನಿಂದ ಆ ತಾಯಿ ಒಂದೊಂದೇ ಕಾಗದ ತೆಗೆದುಕೊಟ್ಟರು. ಮಗನಿಗೀಗ ಎಂಟು ವರ್ಷ. ಮೂರರಲ್ಲಿ ಕ್ಯಾನ್ಸರ್, ಬೆಂಗಳೂರಿನಲ್ಲಿ ಕೀಮೋ, ಈಗ ಗುಣವಾಗಿದೆ. ಮೊನ್ನೆಯ ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್, ಅಂದರೆ ಕಿಡ್ನಿ ಸೊರಗಿದರೆ ರಕ್ತದಲ್ಲಿ ಏರುವ ಕಸ, 0.9. ಪಕ್ಕದಲ್ಲೇ ಅಚ್ಚಾದ ಮಿತಿ 0.6ರಿಂದ 1.2. ಎಲ್ಲೂ ಕೆಂಪು ಗುರುತಿಲ್ಲ. "ನಾರ್ಮಲ್ ಅಂದ್ರಣ್ಣ ಲ್ಯಾಬಿನವರು."

ಆ ಮಿತಿ ದೊಡ್ಡವರದ್ದು.

ಮಕ್ಕಳ ಕೀಮೋ ಕಥೆ ಶುರುವಾಗುವುದು 1947-48ರಲ್ಲಿ. ಬಾಸ್ಟನ್ನಿನ ಸಿಡ್ನಿ ಫಾರ್ಬರ್ ರಕ್ತದ ಕ್ಯಾನ್ಸರಿನ ಮಕ್ಕಳಿಗೆ ಅಮಿನಾಪ್ಟೆರಿನ್ ಕೊಟ್ಟರು. ಕೆಲವರಲ್ಲಿ ಕಾಯಿಲೆ ಸ್ವಲ್ಪ ಕಾಲ ಹಿಮ್ಮೆಟ್ಟಿತು. ಔಷಧ ಬಂದದ್ದು ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡದಿಂದ, ಅಮೆರಿಕದ ಲೆಡರ್ಲೆ ಔಷಧ ಕಂಪನಿಯಲ್ಲಿ. ಆಗ ಮಗು ಕೆಲವು ತಿಂಗಳು ಉಳಿದರೂ ದೊಡ್ಡದು. ಇಪ್ಪತ್ತು ವರ್ಷದ ಮೇಲಿನ ಕಿಡ್ನಿಯ ಚಿಂತೆ ಯಾರಿಗಿತ್ತು?

ಸಿಸ್‌ಪ್ಲಾಟಿನ್ ಎಂಬ ಕೀಮೋ ಔಷಧ ಆ ಚಿಂತೆ ತಂದಿತು. 1965ರಲ್ಲಿ ಬಾರ್ನೆಟ್ ರೋಸೆನ್‌ಬರ್ಗ್ ಬ್ಯಾಕ್ಟೀರಿಯಾಕ್ಕೆ ವಿದ್ಯುತ್ ಹರಿಸುತ್ತಿದ್ದಾಗ ಪ್ಲಾಟಿನಂ ಕಡ್ಡಿಗಳಿಂದ ಆಕಸ್ಮಿಕವಾಗಿ ಸಿಕ್ಕ ಸುಳಿವು ಅದು. 1970ರ ದಶಕದ ಮೊದಲ ಪ್ರಯೋಗಗಳಲ್ಲಿ ರೋಗಿಗಳ ಕಿಡ್ನಿ ಎಷ್ಟು ಕೆಟ್ಟಿತೆಂದರೆ, ಆ ಔಷಧವೇ ಮೂಲೆ ಸೇರುವುದರಲ್ಲಿತ್ತು. ಸಲೈನ್ ಧಾರಾಳವಾಗಿ ಹರಿಸಿ, ಮ್ಯಾನಿಟಾಲ್ ಕೊಟ್ಟು ಮೂತ್ರ ಹೆಚ್ಚಿಸುವ ಉಪಾಯದಿಂದ ಅದು ಬಚಾವಾಯಿತು. 1978ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ಇವತ್ತಿಗೂ ಮಕ್ಕಳಿಗೆ ಡ್ರಿಪ್ ಗಂಟೆಗಟ್ಟಲೆ ಹಾಕುವುದು ಇದಕ್ಕೇ. ಹಾಗಿದ್ದೂ ಕೆಲವರಿಗೆ ಮೆಗ್ನೀಸಿಯಂ ವರ್ಷಗಟ್ಟಲೆ ಮೂತ್ರದಲ್ಲಿ ಸೋರುತ್ತಲೇ ಇರುತ್ತದೆ.

ಐಫಾಸ್ಫಮೈಡ್ ಎಂಬ ಮತ್ತೊಂದು ಕೀಮೋ ಔಷಧದ್ದು ಇನ್ನೊಂದು ಬಗೆಯ ಮೋಸ. ಅದು ಮೂತ್ರಕೋಶದಲ್ಲಿ ರಕ್ತ ಬರಿಸುತ್ತಿತ್ತು. ಜೊತೆಗೆ ಕೊಡುವ ಮೆಸ್ನಾ ಎಂಬ ಔಷಧ ಬಂದು ಅದನ್ನು ತಡೆಯಿತು. ಆದರೆ ಮೆಸ್ನಾ ಕಿಡ್ನಿಯನ್ನು ಕಾಯುವುದಿಲ್ಲ. ಕಿಡ್ನಿಯ ಸಣ್ಣ ನಾಳಗಳು ಕೆಟ್ಟು ಸಕ್ಕರೆ, ಫಾಸ್ಫೇಟ್, ಬೈಕಾರ್ಬನೇಟ್ ಹೊರಹೋಗುತ್ತವೆ. ಮೂಳೆ ಮೆತ್ತಗಾಗಿ ಮಗುವಿನ ಕಾಲು ಬಾಗುತ್ತದೆ, ಎತ್ತರ ನಿಲ್ಲುತ್ತದೆ. ಕೀಮೋ ಮುಗಿದ ಮೇಲೂ ಇದು ಕಾಣಿಸಿಕೊಳ್ಳಬಹುದು. ವಯಸ್ಸು ಚಿಕ್ಕದಾದಷ್ಟು, ಒಟ್ಟು ಡೋಸ್ ಜಾಸ್ತಿಯಾದಷ್ಟು ಅಪಾಯ ಹೆಚ್ಚು. ಗಡ್ಡೆಗಾಗಿ ಒಂದು ಕಿಡ್ನಿ ತೆಗೆದಿದ್ದರೆ ಇನ್ನೂ ಹೆಚ್ಚು. ನಡುವೆ ಸೋಂಕಿಗೆಂದು ಕೊಟ್ಟ ಅಮಿಕಾಸಿನ್, ಆಂಫೊಟೆರಿಸಿನ್ ಕೂಡ ತಮ್ಮ ಪಾಲು ಕೊಟ್ಟಿರುತ್ತವೆ.

ಹೀಗೆ ಗುಣವಾದವರ ಮೇಲೆ ಕಣ್ಣಿಡಲೆಂದೇ ಮುಂಬೈನ ಟಾಟಾ ಆಸ್ಪತ್ರೆ 1991ರಲ್ಲಿ ಪ್ರತ್ಯೇಕ ಕ್ಲಿನಿಕ್ ತೆರೆಯಿತು. ಕೊಡಗಿನ ಕಷ್ಟ ಬೇರೆ. ಜಿಲ್ಲೆಯೊಳಗೆ ರೈಲಿಲ್ಲ. 1973ರಲ್ಲಿ ಶುರುವಾದ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗಬೇಕೆಂದರೆ ಇಡೀ ದಿನದ ಪ್ರಯಾಣ. ಕಾಫಿ ಕುಯ್ಲಿನ ಸಮಯದಲ್ಲಿ ರಜೆ ಹಾಕಿದರೆ ಅಪ್ಪ ಅಮ್ಮ ಇಬ್ಬರ ಕೂಲಿಯೂ ಹೋಯಿತು. ಮಗು ಓಡಾಡಿಕೊಂಡಿದೆ, ಹೋಗುವುದೇಕೆ ಎನಿಸುವುದರಲ್ಲಿ ತಪ್ಪು ಹುಡುಕಲು ನನಗೆ ಮನಸ್ಸಿಲ್ಲ. ಆದರೆ ಕಾಲುನೋವಿಗೆ ಅಂಗಡಿಯಿಂದ ತಂದ ಡೈಕ್ಲೊಫೆನಾಕ್ ಮಾತ್ರೆ ಕಂಡಾಗ ಸುಮ್ಮನಿರಲಾಗಲಿಲ್ಲ: ಮೊದಲೇ ಸೊರಗಿದ ಕಿಡ್ನಿಗೆ ಅದು ಇನ್ನೊಂದು ಏಟು.

ಕ್ರಿಯಾಟಿನಿನ್ ಬರುವುದು ಸ್ನಾಯುಗಳಿಂದ. ಸಣಕಲು ಮಗುವಿನಲ್ಲಿ ಅದು ಕಡಿಮೆಯೇ ಇರಬೇಕು. ಅದಕ್ಕೇ ಜಾರ್ಜ್ ಶ್ವಾರ್ಟ್ಜ್ 1976ರಲ್ಲಿ ಎತ್ತರವನ್ನೂ ಸೇರಿಸಿ ಒಂದು ಲೆಕ್ಕ ಕೊಟ್ಟರು; 2009ರಲ್ಲಿ ಅದು ಪರಿಷ್ಕಾರವಾಯಿತು. ಎತ್ತರದ ಸೆಂಟಿಮೀಟರನ್ನು 0.413ರಿಂದ ಗುಣಿಸಿ ಕ್ರಿಯಾಟಿನಿನ್‌ನಿಂದ ಭಾಗಿಸಿದರೆ ಕಿಡ್ನಿ ಎಷ್ಟು ಸೋಸುತ್ತಿದೆ ಎಂಬ ಅಂದಾಜು ಸಿಗುತ್ತದೆ. ಈ ವಯಸ್ಸಿಗೆ 90ರ ಮೇಲಿರಬೇಕು.

ಆ ರಿಪೋರ್ಟಿನಲ್ಲಿ ಎತ್ತರ ಬರೆಯಲು ಜಾಗವೇ ಇರಲಿಲ್ಲ. ಹುಡುಗನನ್ನು ಬಾಗಿಲ ಚೌಕಟ್ಟಿಗೆ ಒರಗಿಸಿ, ಬಡಗಿಯ ಟೇಪಿನಲ್ಲಿ ಅಳೆದೆವು. 110 ಸೆಂಟಿಮೀಟರ್. ಮೊಬೈಲಿನಲ್ಲಿ ಲೆಕ್ಕ ಹಾಕಿದೆ: 50. ತಾಯಿ ಕವರಿನ ತಳದಿಂದ ಹಳೆಯ ಡಿಸ್ಚಾರ್ಜ್ ಸಮರಿ ಹುಡುಕಿ ತೆಗೆದು, "ಮೈಸೂರಿಗೆ ಬೆಳಿಗ್ಗೆ ಮೊದಲ ಬಸ್ಸು ಎಷ್ಟಕ್ಕಣ್ಣ?" ಎಂದರು.